ಬಸುರಿಯರಲ್ಲಿ ಟಾಕ್ಸೊಪ್ಲಾಸ್ಮಾ: ರಿಪೋರ್ಟ್ ಓದುವ ಬಗೆ

ಬಸುರಿಯರಲ್ಲಿ ಕೆಲವು ಸೋಂಕುಗಳನ್ನು ಹುಡುಕುವ ರಕ್ತಪರೀಕ್ಷೆ, ಅಂದರೆ ಟಾರ್ಚ್ ರಿಪೋರ್ಟಿನಲ್ಲಿ ‘ಟಾಕ್ಸೊ ಐಜಿಜಿ ಪಾಸಿಟಿವ್’ ಎಂದು ಕಂಡರೆ ಸಾಕು, ಮನೆಮಂದಿಯೆಲ್ಲ ಗಾಬರಿ. ಐಜಿಜಿ ಎಂಬ ಪ್ರತಿಕಾಯ ಹೇಳುವುದು ಇಷ್ಟೇ: ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಎಂದೋ ಒಮ್ಮೆ ಮೈಹೊಕ್ಕಿದೆ. ಬಸಿರಿಗೆ ಎಷ್ಟೋ ಮುಂಚೆ ಹೊಕ್ಕಿದ್ದು, ತಾಯಿಯ ರೋಗನಿರೋಧಕ ಶಕ್ತಿಯೂ ಸರಿಯಿದ್ದರೆ ಮಗುವಿಗೆ ದಾಟುವುದು ತೀರಾ ಅಪರೂಪ. ಹೆಚ್ಚು ಎಚ್ಚರ ಬೇಕಿರುವುದು ಐಜಿಜಿ ನೆಗೆಟಿವ್ ಇದ್ದವರಿಗೆ. ಅವರಿಗೆ ಮೊದಲ ಸೋಂಕು ಬಸಿರಿನಲ್ಲೇ ತಗುಲಬಹುದು.

ಸೋಂಕಿನ ಶುರುವಿನಲ್ಲೇ ಹುಟ್ಟುವ ಪ್ರತಿಕಾಯ ಐಜಿಎಂ ಪಾಸಿಟಿವ್ ಬಂದರೂ ‘ಈಗಷ್ಟೇ ತಗುಲಿದ್ದು’ ಎಂದು ಬರೆದುಬಿಡಬೇಡಿ. ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆಗ ನೆರವಿಗೆ ಬರುವುದು ಎವಿಡಿಟಿ, ಅಂದರೆ ಐಜಿಜಿಯ ಹಿಡಿತ. ಸೋಂಕು ಹಳೆಯದಾದಷ್ಟೂ ಹಿಡಿತ ಬಿಗಿ. ಬಸಿರಿನ 12ನೇ ವಾರದಲ್ಲಿ ಎವಿಡಿಟಿ ಹೆಚ್ಚಿದ್ದರೆ ಹಿಂದಿನ ಸುಮಾರು 4 ತಿಂಗಳಲ್ಲಿ ತಗುಲಿದ್ದಲ್ಲ, ಬಸಿರಿಗೆ ಮುಂಚಿನದು ಎಂದು ಲೆಕ್ಕ. ಅದೇ ಫಲಿತಾಂಶ 28ನೇ ವಾರದಲ್ಲಿ ಬಂದರೆ? 4 ತಿಂಗಳು ಹಿಂದಕ್ಕೆ ಎಣಿಸಿ: ಮೊದಲ ತ್ರೈಮಾಸಿಕದ ಸೋಂಕನ್ನು ಅಲ್ಲಗಳೆಯಲು ಆಗದು. ಎವಿಡಿಟಿ ಕಡಿಮೆ ಎಂದಮಾತ್ರಕ್ಕೆ ಸೋಂಕು ಹೊಸದೆಂದೂ ಅಲ್ಲ. ಅನುಮಾನವಿದ್ದರೆ 2–3 ವಾರ ಬಿಟ್ಟು ಮತ್ತೆ ರಕ್ತ ತೆಗೆದು, ಹಳೆಯ ಮಾದರಿಯ ಜೊತೆಗೇ ಒಂದೇ ಲ್ಯಾಬಿನಲ್ಲಿ ನೋಡಬೇಕು.

ವೈದ್ಯ ವಿದ್ಯಾರ್ಥಿಗಳೆಲ್ಲ ಪರೀಕ್ಷೆ ಬರೆಯುವಾಗ ತಿರುವುಮುರುವು ಮಾಡುವ ಅಂಶ: ಬಸಿರು ಬೆಳೆದಂತೆ ಮಗುವಿಗೆ ದಾಟುವ ಸಂಭವ ಏರುತ್ತದೆ, ತೀವ್ರತೆ ಇಳಿಯುತ್ತದೆ. ದಾಟುವುದು 13ನೇ ವಾರದಲ್ಲಿ ಸುಮಾರು ಶೇ. 6, 36ನೇ ವಾರದಲ್ಲಿ ಶೇ. 70ರ ಆಸುಪಾಸು. ಆದರೆ ಮೆದುಳಿನಲ್ಲಿ ನೀರು ತುಂಬುವುದು, ಸುಣ್ಣದ ಕಲೆಗಳು, ಅಕ್ಷಿಪಟಲದ ಉರಿಯೂತ ಎಂಬ ತ್ರಿವಳಿ ಹೆಚ್ಚಾಗಿ ಕಾಣುವುದು ಮೊದಲೇ ದಾಟಿದಾಗ.

ಮಗುವಿಗೆ ದಾಟಿದೆಯೇ ಎಂದು ತಿಳಿಯಲು ಗರ್ಭಜಲದ ಪಿಸಿಆರ್, ಅಂದರೆ ಪರಾವಲಂಬಿಯ ಡಿಎನ್‌ಎ ಹುಡುಕುವ ಪರೀಕ್ಷೆ. 18 ವಾರ ತುಂಬಿರಬೇಕು, ಸೋಂಕು ತಗುಲಿ 4 ವಾರವಾದರೂ ಆಗಿರಬೇಕು. ಅವಸರಪಟ್ಟರೆ ಸುಳ್ಳು ನೆಗೆಟಿವ್. ಬಸಿರಿನ ಮೊದಲ ತಿಂಗಳುಗಳಲ್ಲಿ ಸೋಂಕು ತಗುಲಿದ ತಾಯಿಗೆ ಸ್ಪೈರಾಮೈಸಿನ್ 1 ಗ್ರಾಂ, ದಿನಕ್ಕೆ 3 ಸಲ. ಇದು ಮಾಸಿನಲ್ಲಿ ಶೇಖರವಾಗುವ ಮದ್ದು, ಮಗುವಿನ ಸೋಂಕಿಗೆ ಸಾಲದು. ಮಗುವಿಗೆ ದಾಟಿದ್ದರೆ 18 ವಾರದ ನಂತರ ಪೈರಿಮೆಥಮಿನ್, ಸಲ್ಫಾಡಯಾಜಿನ್, ಜೊತೆಗೆ ಫೋಲಿನಿಕ್ ಆಸಿಡ್. ಬಸುರಿಯರಿಗೆ ಕೊಡುವ ಮಾಮೂಲಿ ಫೋಲಿಕ್ ಮಾತ್ರೆ ಇದಕ್ಕೆ ಬದಲಿಯಲ್ಲ. ಅದು ಪೈರಿಮೆಥಮಿನ್ನಿನ ಕೆಲಸಕ್ಕೇ ಅಡ್ಡಿ ಮಾಡಬಹುದು.

ಇನ್ನು ಈ ಪರಾವಲಂಬಿಯನ್ನು ಮಲದಲ್ಲಿ ಹೊರಹಾಕುವ ಬೆಕ್ಕು. ಅದನ್ನು ಮನೆಯಿಂದ ಓಡಿಸಬೇಕಿಲ್ಲ. ಮೊದಲ ಸೋಂಕಿನಲ್ಲಿ 1–3 ವಾರ ಅದರ ಮಲದಲ್ಲಿ ಊಸಿಸ್ಟ್, ಅಂದರೆ ಪರಾವಲಂಬಿಯ ಗಟ್ಟಿ ಕವಚದ ಮೊಟ್ಟೆಯಂಥ ರೂಪಗಳು ಬರುತ್ತವೆ, ಅವು ಸೋಂಕು ಹರಡಲು ಸಿದ್ಧವಾಗಲು 1–5 ದಿನ ಬೇಕು. ಬೆಕ್ಕು ಮಲ ಮಾಡುವ ಮರಳಿನ ತಟ್ಟೆಯನ್ನು ದಿನವೂ ಬೇರೆಯವರು ತೆಗೆದರಾಯಿತು. ನಮ್ಮ ಅಡುಗೆಮನೆಯಲ್ಲಿ ಬೆಂದ ಮಾಂಸದ ಸಾರಿಗಿಂತ ನನಗೆ ಭಯ ಹಸಿ ಕೊತ್ತಂಬರಿ, ಕೋಸಂಬರಿಯ ಸೌತೆ, ಕೈತೋಟದ ಮಣ್ಣು, ಕಾಯಿಸದ ನೀರಿನದು. ಮಾಂಸದೊಳಗೆ ಅಡಗಿರುವ ಪರಾವಲಂಬಿಯ ಕೋಶ, ಅಂದರೆ ಸಿಸ್ಟ್, 67 ಡಿಗ್ರಿಗೆ ಸಾಯುತ್ತದೆ, ಕುಕ್ಕರ್ ಅದನ್ನು ಎಂದೋ ದಾಟಿರುತ್ತದೆ; ಎಡವಟ್ಟಾಗುವುದು ಹಸಿ ಮಾಂಸ ಹೆಚ್ಚಿದ ಮಣೆಯಲ್ಲೇ ಸೌತೆ ಹೆಚ್ಚಿದಾಗ. ಊಸಿಸ್ಟ್ ಬ್ಲೀಚಿಗೂ ಜಗ್ಗುವುದಿಲ್ಲ. ನೀರನ್ನು ಕುದಿಸಿ, ಸೊಪ್ಪನ್ನು ಹರಿಯುವ ನೀರಿನಲ್ಲಿ ಎಲೆ ಬಿಡಿಸಿ ತೊಳೆಯಿರಿ, ಮಣ್ಣು ಬೇರಿನ ಬುಡದಲ್ಲೇ ಕೂತಿರುತ್ತದೆ.