ನಾಲ್ಕನೆಯ ಸುತ್ತನ್ನು ಮೊದಲೇ ಖರ್ಚು ಮಾಡಬೇಡಿ

ನಾಲ್ಕು ನಿಮಿಷ ಜೋರಾಗಿ ತುಳಿಯುವ ನಾಲ್ಕು ಸುತ್ತು, ನಡುವೆ ಮೂರು ಮೂರು ನಿಮಿಷ ಹಗುರ ಪೆಡಲ್. ಸೈಕಲ್ ಸವಾರರ ಜೋರು-ಹಗುರ ಸರದಿಯ ಕಸರತ್ತುಗಳಲ್ಲಿ, ಅಂದರೆ ಹೈ-ಇಂಟೆನ್ಸಿಟಿ ಇಂಟರ್ವಲ್‌ಗಳಲ್ಲಿ ಎಲ್ಲರ ಬಾಯಲ್ಲಿರುವುದು ಇದೇ. ಇದು ಕೆಡುವುದು ಸಾಮಾನ್ಯವಾಗಿ ಮೊದಲ ಸುತ್ತಿನ ಮೊದಲ ನಿಮಿಷದಲ್ಲೇ.

ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ನಿಮಿಷ ಪೂರ್ತಿ ಶಕ್ತಿ ಹಾಕಿ ತುಳಿದಾಗ ಪವರ್ ಮೀಟರ್‌ನಲ್ಲಿ (ತುಳಿಯುವ ಶಕ್ತಿ ಅಳೆಯುವ ಉಪಕರಣ) ಸರಾಸರಿ 210 ವ್ಯಾಟ್ ಬಂದರೆ, ಅದರ ಶೇ. 95, ಅಂದರೆ ಸುಮಾರು 200 ವ್ಯಾಟ್, ಹೆಚ್ಚುಕಡಿಮೆ ಒಂದು ಗಂಟೆ ತಡೆದುಕೊಳ್ಳಬಲ್ಲ ನಿಮ್ಮ ಮಿತಿ; ಇದನ್ನೇ ಎಫ್‌ಟಿಪಿ ಅನ್ನುತ್ತಾರೆ. ನಾಲ್ಕು ನಿಮಿಷದ ಸುತ್ತಿಗೆ 220ರ ಆಸುಪಾಸು ಸಾಕು. ಆದರೆ ಹೃದಯಬಡಿತ ಕಾಲಿನ ಜೊತೆಗೇ ಏರುವುದಿಲ್ಲ, ಒಂದೆರಡು ನಿಮಿಷ ಹಿಂದುಳಿಯುತ್ತದೆ. ವಾಚ್ ನೋಡಿ ‘ಇನ್ನೂ ಏರಿಲ್ಲ’ ಅಂತ 270 ತುಳಿದವರು ಮೂರನೆಯ ಸುತ್ತಿಗೆ 190ಕ್ಕೆ ಕುಸಿಯುತ್ತಾರೆ. ಕಾಲೇನೋ ಚೆನ್ನಾಗಿ ಉರಿಯುತ್ತದೆ. ಆದರೆ ಉಸಿರಾಟ ಗರಿಷ್ಠ ಮಟ್ಟದ ಹತ್ತಿರ ಇರುವ ಹೊತ್ತು ಕಮ್ಮಿಯಾಗುತ್ತದೆ. ಇಡೀ ಕಸರತ್ತು ಇರುವುದೇ ಆ ಹೊತ್ತಿಗಾಗಿ. ಪವರ್ ಮೀಟರ್ ಇಲ್ಲವೇ? ಎರಡನೆಯ ನಿಮಿಷದ ಕೊನೆಗೆ ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲಾಗಬಾರದು, ಮೊದಲ ನಿಮಿಷದಲ್ಲಿ ಮಾತ್ರ ‘ಇದು ಸುಲಭ’ ಅನಿಸಬೇಕು.

ಬೆಂಗಳೂರಿನವರಿಗೆ ನಂದಿಬೆಟ್ಟದ ಏರು ಇದಕ್ಕೆ ಹೇಳಿಮಾಡಿಸಿದಂತಿದೆ. ನಾಲ್ಕೂ ಸುತ್ತು, ಮೂರೂ ವಿರಾಮ ಸೇರಿ 25 ನಿಮಿಷ. ಹೆಚ್ಚಿನವರಿಗೆ ಒಂದೇ ಏರಿನಲ್ಲಿ ಮುಗಿಯುತ್ತದೆ. ವಿರಾಮಕ್ಕೆಂದು ತಿರುವಿನಲ್ಲಿ ಸೈಕಲ್ ತಿರುಗಿಸಿ ಇಳಿಯಬೇಡಿ, ಕೆಳಗಿಂದ ಬರುವ ಕಾರಿಗೆ ನೀವು ಕಾಣುವುದಿಲ್ಲ. ಅತಿ ಹಗುರ ಗೇರಿನಲ್ಲಿ ನಿಧಾನಕ್ಕೆ ಏರುತ್ತಲೇ ಇರಿ. ಇಲ್ಲಿ ಗೇರಿನದೇ ತಕರಾರು. ಮುಂದೆ 34, ಹಿಂದೆ 25 ಹಲ್ಲಿನ ಗೇರ್ ಚಕ್ರವಿದ್ದರೆ ಕಡಿದಾದ ಕಡೆ ನಿಮಿಷಕ್ಕೆ ಐವತ್ತೋ ಅರವತ್ತೋ ಸುತ್ತಷ್ಟೇ ತುಳಿಯಲಾಗುತ್ತದೆ, ಉಸಿರಿಗಿಂತ ಮೊದಲು ತೊಡೆ ಸೋಲುತ್ತದೆ. ಹಿಂದೆ 32 ಅಥವಾ 34 ಹಲ್ಲಿನವರೆಗಿನ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗೊಂಚಲು) ಹಾಕಿಸಿ. ಮನೆಯೊಳಗೆ ಸೈಕಲ್ ನಿಲ್ಲಿಸಿ ತುಳಿಯುವ ಟ್ರೇನರ್ ಮೇಲಾದರೆ ದೊಡ್ಡ ಫ್ಯಾನ್ ಬೇಕೇ ಬೇಕು. ಗಾಳಿಯಿಲ್ಲದೆ ಮೈ ಕಾದು, ಅದೇ ವ್ಯಾಟ್‌ಗೆ ಬಡಿತ ಏರುತ್ತಾ ಹೋಗುತ್ತದೆ.

ಶುರುವಿಗೆ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ, ಕೊನೆಗೆ ಅರ್ಧರ್ಧ ನಿಮಿಷ ಮೂರು ಸಲ ಚುರುಕಾಗಿ ತುಳಿಯಿರಿ. ಬೆಳಗಿನ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ಹೊರಡುವವರು ಒಂದೆರಡು ಬಾಳೆಹಣ್ಣಾದರೂ ತಿನ್ನಲಿ. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು.

ವಾರಕ್ಕೆ ಎರಡು ಸಲ ಸಾಕು, ನಡುವೆ ಕನಿಷ್ಠ 48 ಗಂಟೆ. ಉಳಿದ ದಿನದ ಸವಾರಿ ಹರಟೆ ಹೊಡೆಯುವಷ್ಟು ನಿಧಾನವಿರಲಿ. ಗೆಳೆಯರ ಗುಂಪಿನಲ್ಲಿ ಇದು ಹೇಳಿದಷ್ಟು ಸುಲಭವಲ್ಲ, ಮೇಲುಸೇತುವೆ ಕಂಡರೆ ಯಾರಾದರೂ ರೇಸ್ ಶುರುಮಾಡುತ್ತಾರೆ. ಮೂರು ವಾರವಾದ ಮೇಲೆ, ನಾಲ್ಕನೆಯ ವಾರ ಒಟ್ಟು ಕಸರತ್ತು ಅರ್ಧಕ್ಕಿಳಿಸಿ, ಆಮೇಲೆ ವ್ಯಾಟ್ ಏರಿಸುವ ಬದಲು ಐದನೆಯ ಸುತ್ತು ಸೇರಿಸಿ. ಯಾವತ್ತಾದರೂ ಎರಡನೆಯ ಸುತ್ತಿನಲ್ಲೇ 220ರ ಬದಲು 205 ಬಂತೆಂದರೆ ಅಲ್ಲಿಗೆ ನಿಲ್ಲಿಸಿ ಮನೆಗೆ ಬನ್ನಿ. ಬಹುಶಃ ಅದು ನಿದ್ದೆಯ ಬಾಕಿ.