ಸೂಜಿ ಕೈಗೆ, ಬಿಸಿ ಕಾಲಿಗೆ: ಅಕ್ಯುಪಂಕ್ಚರ್ ಮತ್ತು ಚರ್ಮದ ಟೆಂಪರೇಚರ್ ಕಥೆ

ಹೆಬ್ಬೆರಳು ತೋರುಬೆರಳು ಒಟ್ಟಿಗೆ ಸೇರಿಸಿದ್ರೆ ಹಿಂದುಗಡೆ ಒಂದು ಮಾಂಸದ ಉಬ್ಬು ಬರುತ್ತಲ್ಲ, ಚೀನಾದವರು ಅದಕ್ಕೆ ಹೆಗು ಅಂತಾರೆ, ಅದೇ ಚೀನೀ ಹೆಸರನ್ನ ಇಂಗ್ಲಿಷ್‌ನಲ್ಲಿ ಹಳೇ ಥರ ಬರೆದು ಹೋಕು ಅಂತನೂ ಓದಿರ್ತೀರ. ಅಕ್ಯುಪಂಕ್ಚರ್‌ನಲ್ಲಿ ಇದಕ್ಕಿಂತ ಫೇಮಸ್ ಪಾಯಿಂಟ್ ಇನ್ನೊಂದಿಲ್ಲ ಅಂದ್ರೂ ತಪ್ಪಾಗಲ್ಲ. 1982ರಲ್ಲಿ ನಾರ್ವೆಯ ಬಿರ್ಗರ್ ಕಾಡಾ ಅನ್ನೋ ಸಂಶೋಧಕರು ಈ ಜಾಗದಲ್ಲಿ ಸೂಜಿನೂ ಚುಚ್ಚಲಿಲ್ಲ, ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಸೆಕೆಂಡಿಗೆ ಎರಡು ಸಲ ಮಿಡಿಯೋ ಹಂಗೆ ಸಣ್ಣ ಕರೆಂಟ್ ಕೊಟ್ರು, ಅದೇ ನಮ್ಮ ಫಿಸಿಯೋಥೆರಪಿಯವರು ಇಟ್ಕೊಂಡಿರ್ತಾರಲ್ಲ ಟೆನ್ಸ್ ಮಷೀನು, ಆ ಥರದ್ದು. ಪೇಷಂಟುಗಳು ರೇನೋ ಕಾಯಿಲೆಯವರು, ಸಕ್ಕರೆ ಕಾಯಿಲೆಯಿಂದ ನರ ಹಾಳಾದವರು, ಅಂದ್ರೆ ಕೈಕಾಲು ಬೆರಳು ಯಾವಾಗ್ಲೂ ಐಸ್ ಥರ ಇರೋರು. ಕರೆಂಟ್ ಕೊಟ್ಟು ಕಾಲು ಗಂಟೆ ಅರ್ಧ ಗಂಟೆ ಆದ್ಮೇಲೆ ಕಾಲ್ಬೆರಳಿನ ಟೆಂಪರೇಚರ್ ಏರೋಕೆ ಶುರುವಾಯ್ತು, ಕೆಲವರಲ್ಲಿ 22-24 ಡಿಗ್ರಿ ಇದ್ದಿದ್ದು 31-34ಕ್ಕೆ ಹೋಯ್ತು, ಮತ್ತೆ ಗಂಟೆಗಟ್ಟಲೆ ಹಂಗೇ ಇತ್ತು. ಕೈಗೆ ಕೊಟ್ಟಿದ್ದು ಕಾಲಿಗೆ ಹೆಂಗೆ ಹೋಯ್ತು?

ಈ ಪ್ರಶ್ನೆ ಹೊಸದೇನಲ್ಲ. ಅಕ್ಯುಪಂಕ್ಚರ್ ಹುಟ್ಟಿದ್ದೇ "ಇಲ್ಲಿ ಮುಟ್ಟಿದ್ರೆ ಅಲ್ಲಿ ತಲುಪುತ್ತೆ" ಅನ್ನೋ ನಂಬಿಕೆ ಮೇಲೆ. 1973ರಲ್ಲಿ ಚೀನಾದ ಮಾವಾಂಗ್‌ದುಯಿಯಲ್ಲಿ ಕ್ರಿಸ್ತಪೂರ್ವ 168ರ ಒಂದು ಸಮಾಧಿಯಲ್ಲಿ ರೇಷ್ಮೆ ಮೇಲೆ ಬರೆದ ವೈದ್ಯದ ಬರಹಗಳು ಸಿಕ್ಕಿದ್ವು, ಅದ್ರಲ್ಲಿ ಮೈಯೊಳಗೆ ಓಡೋ ಹನ್ನೊಂದು ನಾಳಗಳ, ಅಂದ್ರೆ ಈಗ ಮೆರಿಡಿಯನ್ ಅಂತಾರಲ್ಲ ಆ ಕಣ್ಣಿಗೆ ಕಾಣದ ದಾರಿಗಳ ವರ್ಣನೆ ಇದೆ. ಮಜಾ ಏನಂದ್ರೆ ಅಲ್ಲಿ ಸೂಜಿ ಪಾಯಿಂಟ್‌ಗಳ ಲೆಕ್ಕವೇ ಇಲ್ಲ, ಇರೋದು ಬಿಸಿ ಕೊಡೋ ವಿಷಯ! ಮಾಕ್ಸಾ ಅಂತಾರೆ, ನಾವು ಗಣೇಶನ ಹಬ್ಬಕ್ಕೆ ತರೋ ಮಾಚಿಪತ್ರೆ ಇದ್ಯಲ್ಲ, ಅದೇ ಜಾತಿಯ ಗಿಡದ ಎಲೆ ಒಣಗಿಸಿ ಉರಿಸಿ ಮೈಗೆ ಶಾಖ ಕೊಡೋದು. ಸೂಜಿ ವಿಸ್ತಾರವಾಗಿ ಬರೋದು ಆಮೇಲೆ, ಹುವಾಂಗ್‌ದಿ ನೇಯ್‌ಜಿಂಗ್ ಗ್ರಂಥದಲ್ಲಿ, ಅಲ್ಲಿಗೆ ನಾಳಗಳೂ ಹನ್ನೆರಡಾಗಿರುತ್ತೆ. ಆ ಲೆಕ್ಕದಲ್ಲಿ ಹೆಗು ಇರೋದು ದೊಡ್ಡ ಕರುಳಿನ ನಾಳದ ಮೇಲೆ, ಅದು ತೋರುಬೆರಳ ತುದಿಯಿಂದ ಹೊರಟು ತೋಳು ಹತ್ತಿ ಮೂಗಿನ ಪಕ್ಕ ಮುಗಿಯುತ್ತೆ, ಅದಕ್ಕೇ "ಮುಖ ಬಾಯಿಗೆ ಹೆಗು" ಅಂತ ಅವರಲ್ಲಿ ಹಳೇ ಪದ್ಯನೂ ಇದೆ. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಯುರೋಪಿಗೆ ಈ ಸುದ್ದಿ ಮುಟ್ಟಿಸಿದೋರಲ್ಲಿ ಮುಖ್ಯ ಅಂದ್ರೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ವಿಲೆಮ್ ಟೆನ್ ರೈನೆ, ನಾಗಸಾಕಿಯಲ್ಲಿ ನೋಡಿದ್ದನ್ನ 1683ರಲ್ಲಿ ಲ್ಯಾಟಿನ್‌ನಲ್ಲಿ ಪ್ರಿಂಟ್ ಮಾಡಿಸಿದ್ರು. ಆದ್ರೆ ಚೀನಾದಲ್ಲೇ ಇದಕ್ಕೆ ಒಳ್ಳೇ ಕಾಲ ಇರ್ಲಿಲ್ಲ, 1822ರಲ್ಲಿ ಚಕ್ರವರ್ತಿನೇ ಅರಮನೆಯ ವೈದ್ಯ ಸಂಸ್ಥೆಯಿಂದ ಇದನ್ನ ತೆಗೆಸಿಹಾಕಿದ್ರು, ಮತ್ತೆ ಎದ್ದಿದ್ದು ಮಾವೋ ಕಾಲದಲ್ಲಿ. ಜಗತ್ತು ಕಿವಿ ನಿಮಿರಿಸಿದ್ದು 1971ರಲ್ಲಿ, ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಬೀಜಿಂಗ್‌ಗೆ ಹೋದಾಗ ಅಪೆಂಡಿಕ್ಸ್ ಆಪರೇಷನ್ ಆಯ್ತು. ಅಕ್ಯುಪಂಕ್ಚರ್ ಕೊಟ್ಟೇ ಆಪರೇಷನ್ ಮಾಡಿದ್ರು ಅಂತ ಇವತ್ತಿಗೂ ಫಾರ್ವರ್ಡ್ ಓಡಾಡುತ್ತೆ, ಅದು ತಪ್ಪು, ಆಪರೇಷನ್‌ಗೆ ಮಾಮೂಲಿ ಇಂಜೆಕ್ಷನ್ ಅರಿವಳಿಕೆನೇ. ಆಮೇಲೆ ಹೊಟ್ಟೆ ಉಬ್ಬರಿಸಿ ಒದ್ದಾಡ್ತಿದ್ದಾಗ ಬಲ ಮೊಣಕೈಗೆ, ಮೊಣಕಾಲುಗಳ ಕೆಳಗೆ ಸೂಜಿ ಹಾಕಿದ್ರು, ಹೊಟ್ಟೆ ಹತ್ರ ಮಾಕ್ಸಾ ಶಾಖನೂ ಕೊಟ್ರು, ಒಂದು ಗಂಟೆಯೊಳಗೆ ಆರಾಮಾಯ್ತು ಅಂತ ಅವರೇ ಬರೆದ್ರು. ಮರುವರ್ಷ ನಿಕ್ಸನ್ ಚೀನಾಕ್ಕೆ ಹೋದ್ರು, ಅಮೆರಿಕದ ಡಾಕ್ಟರುಗಳೂ ಇದರ ಹಿಂದೆ ಬಿದ್ರು.

ಆದ್ರೆ ನೋವು ಕಮ್ಮಿಯಾಯ್ತು ಅನ್ನೋದು ಪೇಷಂಟ್ ಬಾಯಲ್ಲಿ ಹೇಳೋ ಮಾತು, ಅದನ್ನ ಅಳೆಯೋಕೆ ಮೀಟರ್ ಇಲ್ಲ. ಚರ್ಮದ ಟೆಂಪರೇಚರ್ ಹಂಗಲ್ಲ, ನಂಬರ್ ಸಿಗುತ್ತೆ. ಅಷ್ಟೊತ್ತಿಗೆ ಥರ್ಮಲ್ ಕ್ಯಾಮೆರಾನೂ ಆಸ್ಪತ್ರೆಗೆ ಬಂದಿತ್ತು, 1956ರಲ್ಲಿ ಕೆನಡಾದ ರೇ ಲಾಸನ್ ಸ್ತನ ಕ್ಯಾನ್ಸರ್ ಇರೋ ಜಾಗ ಬಿಸಿ ಇರುತ್ತೆ ಅಂತ ಹೇಳಿದ್ಮೇಲೆ ಮೈ ಬಿಸಿಯ ಫೋಟೋ ತೆಗೆಯೋ ಆಸೆ ಹೆಚ್ಚಾಗಿತ್ತು. 1985ರಲ್ಲಿ ಮೊನೀಕ್ ಅರ್ನ್ಸ್ಟ್ ಮತ್ತು ಮ್ಯಾಥ್ಯೂ ಲೀ ಅಂಥ ಕ್ಯಾಮೆರಾ ಇಟ್ಕೊಂಡು ಆರೋಗ್ಯವಂತರ ಹೆಗು ಪಾಯಿಂಟಿಗೆ ಸೂಜಿ ಹಾಕಿ ಮುಖ, ಕೈ, ಪಾದ ಮೂರನ್ನೂ ನೋಡಿದ್ರು. ಕರೆಂಟ್ ಇಲ್ಲದೆ ಬರೀ ಕೈಯಿಂದ ಸೂಜಿ ತಿರುಗಿಸಿದಾಗ ಮೂರೂ ಕಡೆ ಬೆಚ್ಚಗಾಯ್ತು, ಸೂಜಿಗೆ ಕರೆಂಟ್ ಕೊಟ್ಟಾಗ ಮಾತ್ರ ಸ್ವಲ್ಪ ಹೊತ್ತು ಕೈ ತಣ್ಣಗಾಗೋದೂ ಕಾಣಿಸ್ತು. ಮರುವರ್ಷ ಮೊಣಕಾಲ ಕೆಳಗಿನ ಜುಸಾನ್‌ಲಿ ಪಾಯಿಂಟ್ ಜೊತೆ ಹೋಲಿಸಿ ಇನ್ನೊಂದು ಪೇಪರ್ ಮಾಡಿದ್ರು.

ಈಗ ಆ ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಅಲ್ಲಿಗೆ ಬರೋಣ. ಹೆಗುಗೆ ಸೂಜಿ ಹಾಕಿದ್ರೆ ಮುಖ ಬಿಸಿಯಾಯ್ತು ಅಂದ್ರೆ ನಾಳದ ಲೆಕ್ಕಕ್ಕೆ ಸರಿಹೋಗುತ್ತೆ, ಆದ್ರೆ ಪಾದ? ದೊಡ್ಡ ಕರುಳಿನ ನಾಳ ಪಾದದ ಕಡೆ ಹೋಗೋದೇ ಇಲ್ಲ. ಎರಡೂ ಕೈ, ಎರಡೂ ಪಾದ, ಮುಖ ಎಲ್ಲಾ ಒಟ್ಟಿಗೆ ಬದಲಾಗುತ್ತೆ ಅಂದ್ರೆ ಅದು ಒಂದು ಪೈಪಿನೊಳಗೆ ಏನೋ ಹರಿದಂಗಲ್ಲ, ಮನೆ ಮೇನ್ ಸ್ವಿಚ್ ಮುಟ್ಟಿದಂಗೆ.

ಆ ಸ್ವಿಚ್ ಸಿಂಪಥೆಟಿಕ್ ನರಮಂಡಲ, ಅಂದ್ರೆ ನಾವು ಹೇಳದೆನೇ ತಾನಾಗೇ ಕೆಲಸ ಮಾಡೋ ನರಗಳ ಒಂದು ಜಾಲ. ಅಂಗೈ, ಅಂಗಾಲು, ಬೆರಳ ತುದಿ, ಮೂಗು, ಕಿವಿ ಈ ಜಾಗಗಳ ಚರ್ಮದಲ್ಲಿ ರಕ್ತಕ್ಕೆ ಅಡ್ಡದಾರಿಗಳಿವೆ, ಅಪಧಮನಿಯಿಂದ ನೇರ ಅಭಿಧಮನಿಗೆ. ಅವುಗಳ ಬಾಗಿಲು ಕಾಯೋದು ಸಿಂಪಥೆಟಿಕ್ ನರಗಳು. ಅವು ಬಿಗಿ ಹಿಡಿದ್ರೆ ಬಾಗಿಲು ಮುಚ್ಚಿ ಬೆರಳು ರೂಮಿನ ಟೆಂಪರೇಚರ್ ಹತ್ರಕ್ಕೆ ಇಳಿಯುತ್ತೆ, ಸಡಿಲ ಬಿಟ್ರೆ ರಕ್ತ ನುಗ್ಗಿ 34-35ಕ್ಕೂ ಏರುತ್ತೆ. "ಕೇಳಿ ಕೈಕಾಲೇ ತಣ್ಣಗಾಯ್ತು ಕಣೋ" ಅಂತೀವಲ್ಲ, ಅದು ಬರೀ ಮಾತಲ್ಲ, ನಿಜಕ್ಕೂ ತಣ್ಣಗಾಗಿರುತ್ತೆ. ಚರ್ಮ, ಸ್ನಾಯುವಿನಿಂದ ಹೋದ ಸಿಗ್ನಲ್ ಬೆನ್ನುಹುರಿ, ಮೆದುಳಿನ ಬುಡ ಮುಟ್ಟಿ ಈ ನರಗಳ ಬಿಗಿ ಬದಲಾಯಿಸುತ್ತೆ ಅನ್ನೋದನ್ನ ಜಪಾನಿನ ಅಕಿಯೋ ಸಾತೋ ಮತ್ತು ಜರ್ಮನಿಯ ರಾಬರ್ಟ್ ಷ್ಮಿಟ್ 1973ರಲ್ಲೇ ದೊಡ್ಡ ಲೇಖನದಲ್ಲಿ ಒಟ್ಟುಹಾಕಿದ್ರು. ಕಾಡಾ ಅವರು ಇದರ ಜೊತೆಗೆ ರಕ್ತದಲ್ಲೇ ಓಡಾಡೋ ಒಂದು ಕೆಮಿಕಲ್ ಮೇಲೂ ಅನುಮಾನ ಪಟ್ಟಿದ್ರು, ಶಾರ್ಟ್ ಆಗಿ ಅದರ ಹೆಸರು ವಿಐಪಿ, ನಾನು ಜೋಕ್ ಮಾಡ್ತಿಲ್ಲ, ವ್ಯಾಸೋಆಕ್ಟಿವ್ ಇಂಟೆಸ್ಟಿನಲ್ ಪೆಪ್ಟೈಡ್. ಸೂಜಿ ಸುತ್ತ ಚರ್ಮ ಕೆಂಪಾಗುತ್ತಲ್ಲ, ಅದು ಬೇರೆ ವಿಷಯ, ಅದು ಅಲ್ಲೇ ಇರೋ ನರದ ತುದಿಗಳ ಕೆಲಸ.

ಇಲ್ಲಿವರೆಗೂ ಓಕೆ. ಕಿರಿಕಿರಿ ಶುರುವಾಗೋದು ಇಲ್ಲಿಂದ, ಯಾಕಂದ್ರೆ ಈ ಸ್ವಿಚ್ ಮುಟ್ಟೋಕೆ ಸೂಜಿನೇ ಬೇಕಂತಿಲ್ಲ. 1970ರಲ್ಲಿ ಅಮೆರಿಕದ ಮೆನಿಂಗರ್ ಸಂಸ್ಥೆಯಲ್ಲಿ ಎಲ್ಮರ್ ಗ್ರೀನ್ ಅವರು ನಮ್ಮ ದೇಶದ ಸ್ವಾಮಿ ರಾಮ ಅವರನ್ನ ಕೂರಿಸಿ ಟೆಸ್ಟ್ ಮಾಡಿದಾಗ, ಒಂದೇ ಅಂಗೈಯ ಎರಡು ಕಡೆಗಳ ಮಧ್ಯೆ ಸುಮಾರು 10 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಬರೀ ಮನಸ್ಸಿಂದ ತಂದ್ರು. ಅಷ್ಟೆಲ್ಲಾ ಯಾಕೆ, ನಾವು ನೀವು ಶಾಂತವಾದ ರೂಮಲ್ಲಿ ಇಪ್ಪತ್ತು ನಿಮಿಷ ಸುಮ್ನೆ ಮಲಗಿದ್ರೂ ಕೈ ಬೆಚ್ಚಗಾಗುತ್ತೆ, ಅಕ್ಯುಪಂಕ್ಚರ್ ಅಂದ್ರೂ ಅರ್ಧ ಭಾಗ ಅದೇ ತಾನೆ, ಲೈಟ್ ಡಿಮ್ ಮಾಡಿ ಮಲಗಿಸ್ತಾರೆ. ಸೂಜಿಗೆ ಹೆದರೋರಿಗೆ ಉಲ್ಟಾ, ಮೊದಲು ತಣ್ಣಗಾಗುತ್ತೆ. ಹಂಗಾಗಿ ಸೂಜಿಯ ಪಾಲು ಎಷ್ಟು, ಮಲಗಿದ್ದರ ಪಾಲು ಎಷ್ಟು ಅಂತ ಬೇರೆ ಮಾಡ್ಬೇಕು. ಸುಳ್ಳು ಸೂಜಿ ಇಟ್ಟು ನೋಡೋಣ ಅಂದ್ರೆ ಅದೂ ಚರ್ಮ ಮುಟ್ಟುತ್ತೆ, ಮುಟ್ಟಿದ್ರೂ ನರ ಸಿಗ್ನಲ್ ಕಳಿಸುತ್ತೆ. ಬೆನ್ನುನೋವಿನ ಮೇಲೆ ಜರ್ಮನಿಯಲ್ಲಿ 1162 ಜನರ ಮೇಲೆ ಮಾಡಿ 2007ರಲ್ಲಿ ಹೊರಬಂದ ಟ್ರಯಲ್‌ನಲ್ಲಿ ಆಗಿದ್ದೂ ಇದೇ ಫಜೀತಿ: ನಿಜ ಸೂಜಿಗೆ 47.6 ಶೇಕಡಾ ಜನರಿಗೆ ಗುಣ ಕಂಡಿತು, ತಪ್ಪು ಜಾಗದಲ್ಲಿ ಮೇಲ್ಮೇಲೆ ಚುಚ್ಚಿದ್ದಕ್ಕೆ 44.2, ಮಾಮೂಲಿ ಟ್ರೀಟ್‌ಮೆಂಟಿಗೆ 27.4.

ರೇನೋ ಕಾಯಿಲೆಯಲ್ಲಿ ಮಾತ್ರ ಈ ಬಿಸಿ ಪೇಷಂಟಿಗೆ ನೇರ ಉಪಯೋಗಕ್ಕೆ ಬರಬಹುದಿತ್ತು. 1997ರಲ್ಲಿ ಜರ್ಮನಿಯಲ್ಲಿ 33 ಜನರ ಮೇಲೆ ನೋಡಿದಾಗ ಸೂಜಿ ಹಾಕಿಸ್ಕೊಂಡವರಲ್ಲಿ ಬೆರಳು ಬೆಳ್ಳಗಾಗೋ ಅಟ್ಯಾಕ್ 63 ಶೇಕಡಾ ಕಮ್ಮಿಯಾಯ್ತು, ಹಾಕಿಸ್ಕೊಳ್ಳದವರಲ್ಲೂ 27 ಶೇಕಡಾ. ಒಳ್ಳೇ ರಿಸಲ್ಟೇ, ಆದ್ರೆ ಜನ ಕಮ್ಮಿ, ಸುಳ್ಳು ಸೂಜಿಯ ಗುಂಪೂ ಇರ್ಲಿಲ್ಲ.

ಇನ್ನೊಂದು ಜಗಳ 2005ರದ್ದು. ಜರ್ಮನಿಯಲ್ಲಿ ಒಂದು ಗುಂಪು ಮಾಕ್ಸಾ ಶಾಖ ಕೊಟ್ಟು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿದ್ವಿ, ಮೈಮೇಲೆ ನಾಳಗಳೇ ಗೆರೆ ಥರ ಬೆಳಗಿದ್ವು ಅಂತ ಫೋಟೋ ಹಾಕ್ತು. ಅದೇ ವರ್ಷ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಗೆರ್ಹಾರ್ಡ್ ಲಿಟ್ಶರ್ ಅದೇ ಕೆಲಸ ಮಾಡಿ ನೋಡಿ, ಆ ಗೆರೆಗಳು ನಾಳ ಅಲ್ಲ, ಟೆಕ್ನಿಕಲ್ ತಪ್ಪಿಂದ ಮೂಡಿದ್ದು ಅಂದ್ರು. ಲಿಟ್ಶರ್ ಅಕ್ಯುಪಂಕ್ಚರ್ ವಿರೋಧಿ ಏನಲ್ಲ, ಜೀವನವೆಲ್ಲಾ ಅದನ್ನೇ ಅಳೆದವರು, ಅದಕ್ಕೇ ಆ ಮಾತಿಗೆ ತೂಕ ಜಾಸ್ತಿ ಅನ್ಸುತ್ತೆ ನಂಗೆ.

ನಮ್ಮ ಕಡೆ ಉಜಿರೆಯಂಥ ನ್ಯಾಚುರೋಪತಿ ಕಾಲೇಜುಗಳಲ್ಲಿ ಅಕ್ಯುಪಂಕ್ಚರ್ ಪಾಠದಲ್ಲೇ ಇದೆ, ಮೊಬೈಲಿಗೆ ಸಿಗಿಸೋ ಥರ್ಮಲ್ ಕ್ಯಾಮೆರಾನೂ ಈಗ ಆನ್‌ಲೈನಲ್ಲಿ ಸಿಗುತ್ತೆ, ಹಂಗಾಗಿ "ಮುಂಚೆ-ಆಮೇಲೆ" ಅಂತ ನೀಲಿ ಪಾದ, ಕೆಂಪು ಪಾದದ ಫೋಟೋ ಯಾರಾದ್ರೂ ತೋರಿಸಿದ್ರೆ ಪಕ್ಕದಲ್ಲಿರೋ ಬಣ್ಣದ ಪಟ್ಟಿ ಮೇಲಿನ ನಂಬರ್ ಓದಿ. ಕ್ಯಾಮೆರಾ ಆಟೋ ಮೋಡ್‌ನಲ್ಲಿದ್ರೆ ಸ್ಕೇಲ್ ತಾನೇ ಬದಲಾಗುತ್ತೆ, ಅದೇ 30 ಡಿಗ್ರಿ ಒಂದು ಫೋಟೋದಲ್ಲಿ ನೀಲಿ, ಇನ್ನೊಂದರಲ್ಲಿ ಕೆಂಪು. ಹಂಗೇ ಮೊದಲ ಫೋಟೋ ತೆಗೆಯೋಕೆ ಮುಂಚೆ ಪೇಷಂಟ್ ಎಷ್ಟು ಹೊತ್ತು ಚಪ್ಪಲಿ ಬಿಟ್ಟು ಆ ರೂಮಲ್ಲಿ ಕೂತಿದ್ರು ಅಂತನೂ ಕೇಳಿ, ಹೊರಗಡೆ ಮಳೇಲಿ ನೆನೆದು ಬಂದ ತಕ್ಷಣ ತೆಗೆದಿದ್ರೆ ಬರೀ ಫ್ಯಾನ್ ಆಫ್ ಮಾಡಿದ್ರೂ ಆ ಪಾದ ಕೆಂಪಾಗಿರೋದು.