‘ಪರವಾಗಿಲ್ಲ’ ಅಂದರೆ ಹತ್ತಕ್ಕೆ ಎಷ್ಟು?

ಮಂಡಿ ಆಪರೇಷನ್ ಆಗಿ ಮನೆಗೆ ಹೋದವರ ಮೊಬೈಲಿಗೆ ಆಸ್ಪತ್ರೆಯ ಆ್ಯಪಿನಿಂದ ದಿನಕ್ಕೆರಡು ಸಲ ಒಂದು ಪ್ರಶ್ನೆ ಬರುತ್ತದೆ: ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು? ರಾಜಾಜಿನಗರದ ಒಬ್ಬರು ಅಜ್ಜಿ ಮೂರು ದಿನವೂ 2 ಅಂತಲೇ ಒತ್ತಿದ್ದರು. ನಾಲ್ಕನೇ ದಿನ ಫೋನ್ ಮಾಡಿದೆ.

‘ಹೇಗಿದ್ದೀರಮ್ಮಾ?’

‘ಪರವಾಗಿಲ್ಲ ಡಾಕ್ಟ್ರೇ.’

‘ಬಾತ್‌ರೂಮಿಗೆ ಎದ್ದು ಹೋಗುವಾಗ?’

‘ಅಯ್ಯೋ, ಅದನ್ನ ಕೇಳಬೇಡಿ. ಏಳಬೇಕಲ್ಲ ಅಂತ ನೀರೇ ಕುಡೀತಿಲ್ಲ.’

ಮಲಗಿದ್ದಾಗ 2, ಎದ್ದಾಗ 8. ಆ್ಯಪ್ ಕೇಳಿದ್ದು ಒಂದೇ ಪ್ರಶ್ನೆ, ಅಜ್ಜಿ ಕೊಟ್ಟಿದ್ದು ಸರಿಯಾದ ಉತ್ತರವೇ. ಆದರೆ ಅರಿವಳಿಕೆ ವೈದ್ಯೆಯಾದ ನನಗೆ ಬೇಕಾಗಿದ್ದು ಎರಡನೇ ಅಂಕಿ. ನೋವಿಗೆ ಹೆದರಿ ನಡೆಯದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹೊಟ್ಟೆಯ ಆಪರೇಷನ್ ಆದವರು ಕೆಮ್ಮಲು ಹೆದರಿದರೆ ಕಫ ಎದೆಯಲ್ಲೇ ಉಳಿಯುತ್ತದೆ. ನಿಮ್ಮ ಆ್ಯಪ್ ಒಂದೇ ಅಂಕಿ ಕೇಳುತ್ತದಾ? ನಡೆಯುವಾಗಿನದನ್ನು, ಕೆಮ್ಮುವಾಗಿನದನ್ನು ಒತ್ತಿ.

ಅಂಕಿಗೆ ಸಿಗದ್ದೂ ಇದೆ. ಉರಿ, ಜುಮುಜುಮು, ‘ಮುಟ್ಟಿದರೆ ಕರೆಂಟ್ ಹೊಡೆದ ಹಾಗೆ’ ಎಂದರೆ ನರದ ನೋವಿರಬಹುದು ಅಂತ ನನಗೆ ಅನುಮಾನ ಬರುತ್ತದೆ. ಅದಕ್ಕೆ ಮಾಮೂಲಿ ಮಾತ್ರೆ ಅಷ್ಟಾಗಿ ಕೇಳುವುದಿಲ್ಲ, ಔಷಧಿಯೇ ಬೇರೆ. ಹಾಗಾಗಿ ಹಳದಿ ಮುಖದ ಚಿತ್ರ ಒತ್ತುವುದಕ್ಕಿಂತ ಕನ್ನಡದಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ ಅನ್ನುತ್ತೇನೆ.

ನಿಜ ಹೇಳಬೇಕೆಂದರೆ, ಮೊಬೈಲಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅಲಾರಂ. ಮುರಿದ ಕೈಮೂಳೆಗೆ ಪ್ಲೇಟ್ ಹಾಕುವಾಗ ನರದ ಪಕ್ಕ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೇವೆ. ಅದು ಸಾಮಾನ್ಯವಾಗಿ 12ರಿಂದ 24 ಗಂಟೆ ಇರುತ್ತದೆ. ಸಂಜೆ ಹಾಯಾಗಿ ಊಟ ಮಾಡಿ, ‘ನೋವೇ ಇಲ್ಲವಲ್ಲ, ಮಾತ್ರೆ ಯಾಕೆ ಸುಮ್ನೆ?’ ಅಂತ ಮಲಗುತ್ತಾರೆ. ರಾತ್ರಿ ಎರಡಕ್ಕೆ ಮರಗಟ್ಟಿದ್ದು ಬಿಡುತ್ತದೆ. ಆಗ ನುಂಗಿದ ಮಾತ್ರೆ ಕೆಲಸ ಶುರುಮಾಡಲು ಅರ್ಧ, ಮುಕ್ಕಾಲು ಗಂಟೆ ಬೇಕು. ಆ ಹೊತ್ತು ಬಹಳ ಉದ್ದ. ಚೀಟಿಯಲ್ಲಿ ಬರೆದ ಹೊತ್ತಿಗೆ ಅಲಾರಂ ಇಡಿ, ನೋವಿಗಾಗಿ ಕಾಯಬೇಡಿ. ಅಜ್ಜಿಗೂ ಫಿಸಿಯೋ ಬರುವ ಮುಕ್ಕಾಲು ಗಂಟೆ ಮೊದಲು ಮಾತ್ರೆಯ ಅಲಾರಂ ಇಡಿಸಿದೆ. ಎರಡು ದಿನದಲ್ಲಿ 8 ಇಳಿದು 5 ಆಯಿತು. ನೀರೂ ಕುಡಿದರಂತೆ.

ಒಂದು ಎಚ್ಚರ. ಆಸ್ಪತ್ರೆ ಬರೆದ ಪ್ಯಾರಾಸಿಟಮಾಲ್, ಮನೆಯ ಡಬ್ಬದಲ್ಲಿರುವ ಡೋಲೋ 650 (ಅದು ನಮ್ಮ ಬೆಂಗಳೂರಿನ ಕಂಪನಿಯದೇ), ನೆಗಡಿ ಮಾತ್ರೆಯೊಳಗೆ ಸೇರಿರುವುದು, ಎಲ್ಲವೂ ಒಂದೇ ಔಷಧಿ. ಆರೋಗ್ಯವಾಗಿರುವ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ತೂಕ ಕಡಿಮೆ ಇದ್ದರೆ, ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ. ಅಲಾರಂಗೆ ಇದೆಲ್ಲ ಗೊತ್ತಾಗುವುದಿಲ್ಲ.

ಇನ್ನೊಂದು, ಜಗಳಕ್ಕೆ ಬರುವ ವಿಷಯ. ‘ವಿಡಿಯೋದಲ್ಲಿ ನೋಡಿದಿರಲ್ಲ, ಜೋರಾದ ನೋವಿನ ಮಾತ್ರೆ ವಾಟ್ಸಾಪಿನಲ್ಲಿ ಬರೆದುಕೊಡಿ’ ಎನ್ನುತ್ತಾರೆ. ಅಂಥದೊಂದು ಮಾತ್ರೆ ಟ್ರಮಡಾಲ್, 2018ರಿಂದ ಮಾದಕವಸ್ತು ಕಾಯ್ದೆಯ ಕೆಳಗಿದೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಅಂಥ ಔಷಧಿಯನ್ನು ಫೋನಿನಲ್ಲಿ ಬರೆಯುವಂತಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರುವ ಕಷ್ಟ ನನಗೂ ಗೊತ್ತು. ಅದಕ್ಕೇ ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ: ಇದು ಸಾಲದಿದ್ದರೆ ಮುಂದೇನು?

ಗಾಯದ ಫೋಟೋ ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಇಳಿಯುತ್ತಿದ್ದ ನೋವು ತಿರುಗಿ ಏರಿದರೆ, ಜ್ವರ ಬಂದರೆ, ಮೀನಖಂಡ ಊದಿದರೆ ಆ್ಯಪಿನಲ್ಲಿ ಬರೆದು ಸುಮ್ಮನಾಗಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಉಸಿರು ಸಿಕ್ಕಿಕೊಂಡರೆ ನೇರ 108. ಏಕೆಂದರೆ ರಾತ್ರಿ ಹನ್ನೊಂದಕ್ಕೆ ನೀವು ಒತ್ತಿದ 9 ನನ್ನ ಕಣ್ಣಿಗೆ ಬೀಳುವುದು ಬೆಳಿಗ್ಗೆ ಎಂಟಕ್ಕೆ. ನಿಮ್ಮ ಆಸ್ಪತ್ರೆಯಲ್ಲಿ ಅದನ್ನು ಯಾರು, ಎಷ್ಟು ಹೊತ್ತಿಗೆ ನೋಡುತ್ತಾರೆ ಅಂತ ಕೇಳಿದ್ದೀರಾ?